ಚಳಿಗಾಲದಲ್ಲಿ ಬಾಬ್ ಗ್ರಹಾಂ ರೌಂಡ್: ಕಾಲಿಗಿಂತ ಮೊದಲು ಕೈ ನೋಡಿಕೊಳ್ಳಿ

ನವೆಂಬರ್ ಬಂತು ಅಂದರೆ ಅದೇ ಪ್ರಶ್ನೆ ಶುರು. ‘ಮಲ್ನಾಡ್ ಅಲ್ಟ್ರಾ ಓಟ ಮುಗಿಸಿದ್ದೀನಿ, ಈಗ ಇಂಗ್ಲೆಂಡಿನಲ್ಲೇ ಇದ್ದೀನಿ, ಚಳಿಗಾಲದಲ್ಲಿ ಬಾಬ್ ಗ್ರಹಾಂ ಮಾಡಬಹುದಾ?’ (ಬಾಬ್ ಗ್ರಹಾಂ ಅಂದರೆ ಇಂಗ್ಲೆಂಡಿನ 42 ಗುಡ್ಡಗಳನ್ನು 24 ಗಂಟೆಯೊಳಗೆ ಓಡಿ ಸುತ್ತಿ ಬರುವ ಸವಾಲು.) ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಕೆಲಸಕ್ಕೆ ಬಂದಿರುವ ನಮ್ಮವರು ಕೇಳುತ್ತಾರೆ. ಬೆಂಗಳೂರಿನಿಂದ ಎರಡು ವಾರ ರಜೆ ಹಾಕಿ ಬರುತ್ತೇವೆ ಅನ್ನುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಬೇಕಾದರೆ ತಗೊಳ್ಳಿ. ಎರಡು ವಾರದ ರಜೆಯವರಿಗೆ: ಬೇಡ. ಬೇಸಿಗೆಯಲ್ಲಿ ಬನ್ನಿ. ಇಲ್ಲೇ ಇರುವವರಿಗೆ: ಎರಡು ಚಳಿಗಾಲ ಕೊಡಲು ತಯಾರಿದ್ದರೆ ಆಗಬಹುದು. ಮೊದಲನೆಯದು ಕಲಿಯಲು, ಎರಡನೆಯದು ಓಡಲು.

ಏನಿದು, ಎಷ್ಟು ಕಷ್ಟ?

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಲೇಕ್ ಡಿಸ್ಟ್ರಿಕ್ಟ್ ಇದೆ. ಅಲ್ಲಿನ ಬೋಳುಗುಡ್ಡಗಳಿಗೆ ‘ಫೆಲ್’ ಅನ್ನುತ್ತಾರೆ. ಅವುಗಳ ಮೇಲೆ ಓಡುವುದು ಫೆಲ್ ರನ್ನಿಂಗ್. ಬಾಣದ ಗುರುತು, ಮರಕ್ಕೆ ಕಟ್ಟಿದ ರಿಬ್ಬನ್ ಏನೂ ಇರುವುದಿಲ್ಲ, ಕಟ್ಟೋಣ ಅಂದರೆ ಮರವೂ ಇಲ್ಲ. ಕೆಸಿಕ್ ಊರಿನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರ ಜೂನ್‌ನಲ್ಲಿ 42 ಶಿಖರಗಳನ್ನು 23 ಗಂಟೆ 39 ನಿಮಿಷದಲ್ಲಿ ಸುತ್ತಿ ಬಂದರು. ಇನ್ನೊಬ್ಬರು ಅದನ್ನು ಮಾಡಿ ತೋರಿಸಲು 1960ರ ತನಕ ಕಾಯಬೇಕಾಯಿತು, ಅವರು ಅಲನ್ ಹೀಟನ್. 1971ರಲ್ಲಿ ಇದಕ್ಕೊಂದು ಕ್ಲಬ್ಬೇ ಶುರುವಾಯಿತು. ನಿಯಮ ಸುಲಭ: ಕೆಸಿಕ್‌ನ ಮೂಟ್ ಹಾಲ್ ಬಾಗಿಲಿನಿಂದ ಹೊರಟು, 42 ಶಿಖರ ಮುಟ್ಟಿ, 24 ಗಂಟೆಯೊಳಗೆ ಅದೇ ಬಾಗಿಲಿಗೆ ವಾಪಸ್ ಬರಬೇಕು.

ದೂರ ಸುಮಾರು 106 ಕಿಲೋಮೀಟರ್. ಒಟ್ಟು ಏರು ಸುಮಾರು 8,200 ಮೀಟರ್. ಕುಕ್ಕೆಯಿಂದ ಕುಮಾರ ಪರ್ವತಕ್ಕೆ 1,600 ಮೀಟರ್ ಆಸುಪಾಸು ಏರು ಇದೆ. ಅಂದರೆ ಒಂದೇ ದಿನದಲ್ಲಿ ಕುಮಾರ ಪರ್ವತವನ್ನು ಐದು ಸಲ ಹತ್ತಿ ಐದು ಸಲ ಇಳಿದ ಹಾಗೆ. ಇಲ್ಲಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ ಬರೀ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಅರ್ಧ. ಈ ಸಂಖ್ಯೆ ನೋಡಿ ನಕ್ಕವರನ್ನು ಜನವರಿಯಲ್ಲಿ ಒಮ್ಮೆ ಮೇಲೆ ಕರೆದುಕೊಂಡು ಹೋದರೆ ಸಾಕು.

ಚಳಿಗಾಲದ ರೌಂಡ್ ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ. ದೂರ ಅದೇ, ಗುಡ್ಡ ಅದೇ, 24 ಗಂಟೆಯೂ ಅದೇ. ಬದಲಾಗುವುದು ಬೆಳಕು. ಡಿಸೆಂಬರ್ 21ರ ಹೊತ್ತಿಗೆ ಕೆಸಿಕ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಸೂರ್ಯ ಹುಟ್ಟಿ, ಮಧ್ಯಾಹ್ನ ನಾಲ್ಕು ಗಂಟೆಯೊಳಗೆ ಮುಳುಗಿಬಿಡುತ್ತಾನೆ. ಉಳಿದ ಹದಿನಾರು ಹದಿನೇಳು ಗಂಟೆ ಕತ್ತಲೆ.

‘ಹಾಗಾದರೆ ಸ್ಪೈನ್ ರೇಸ್ ಹೇಗೆ?’ ಅಂತಲೂ ಕೇಳುತ್ತಾರೆ. ಅದು ಜನವರಿಯಲ್ಲಿ ಪೆನೈನ್ ವೇ ಅನ್ನುವ ಚಾರಣದ ದಾರಿಯುದ್ದಕ್ಕೂ 268 ಮೈಲಿ ನಡೆಯುವ ಓಟ. 2019ರಲ್ಲಿ ಜಾಸ್ಮಿನ್ ಪ್ಯಾರಿಸ್ ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು, 83 ಗಂಟೆ 12 ನಿಮಿಷದಲ್ಲಿ ಮುಗಿಸಿದ್ದು ಅದನ್ನೇ. ತುಂಬ ಉದ್ದ, ಆದರೆ ಅಲ್ಲಿ ಚೆಕ್‌ಪಾಯಿಂಟ್ ಇದೆ, ಸಂಘಟಕರು ಇದ್ದಾರೆ, ನಿಮ್ಮ ಮೇಲೆ ಕಣ್ಣಿಟ್ಟವರಿದ್ದಾರೆ. ಬಾಬ್ ಗ್ರಹಾಂ ಮಾಡುವಾಗ ಸಂಘಟಕರೂ ನೀವೇ, ಓಟ ನಿಲ್ಲಿಸುವವರೂ ನೀವೇ.

1. ದಾರಿಯನ್ನು ಬೇಸಿಗೆಯಲ್ಲೇ ಕಲಿಯಿರಿ

ರೌಂಡ್‌ಗೆ ಐದು ಭಾಗ, ಇಲ್ಲಿನವರ ಬಾಯಲ್ಲಿ ‘ಲೆಗ್’. ಕೆಸಿಕ್‌ನಿಂದ ಥ್ರೆಲ್‌ಕೆಲ್ಡ್ (3 ಶಿಖರ), ಅಲ್ಲಿಂದ ಡನ್‌ಮೇಲ್ ರೈಸ್ (12), ಅಲ್ಲಿಂದ ವಾಸ್ಡೇಲ್ (15), ಅಲ್ಲಿಂದ ಹಾನಿಸ್ಟರ್ (9), ಕೊನೆಗೆ ಕೆಸಿಕ್ (3). ಒಂದೊಂದು ಲೆಗ್ಗನ್ನೂ ಕಡಿಮೆ ಅಂದರೆ ಮೂರು ಸಲ ಓಡಿ: ಒಮ್ಮೆ ಹಗಲಲ್ಲಿ, ಒಮ್ಮೆ ರಾತ್ರಿ, ಒಮ್ಮೆ ಮಂಜು ಮುಸುಕಿದ ದಿನ. ಹೀಗೆ ಮೊದಲೇ ಹೋಗಿ ದಾರಿ ನೋಡಿ ಬರುವುದಕ್ಕೆ ‘ರೆಕ್ಕಿ’ ಅನ್ನುತ್ತಾರೆ. ವಾಚಿನಲ್ಲಿ ಜಿಪಿಎಸ್ ಗೆರೆ ಇದೆಯಲ್ಲ, ಯಾಕೆ ಬೇಕು ರೆಕ್ಕಿ ಅಂತ ಕೇಳಬೇಡಿ. ಆ ಗೆರೆ ಎಡಕ್ಕೋ ಬಲಕ್ಕೋ ಹತ್ತು ಮೀಟರ್ ಸರಿದರೆ ಹುಲ್ಲಿನ ಮೇಲೆ ಏನೂ ಆಗಲ್ಲ, ಎರಡನೇ ಲೆಗ್ಗಿನ ಹೆಲ್ವೆಲಿನ್ ಶಿಖರದ ಪೂರ್ವಕ್ಕಿರುವ ಪ್ರಪಾತದ ಅಂಚಿನಲ್ಲಿ ಆಗುತ್ತದೆ.

ಕಾಗದದ ಮ್ಯಾಪ್ ಮತ್ತು ದಿಕ್ಸೂಚಿ ಬಳಸಲು ಬರಲೇಬೇಕು. ದಿಕ್ಸೂಚಿಯಲ್ಲಿ ಡಿಗ್ರಿ ಇಟ್ಟುಕೊಂಡು ಅದೇ ದಿಕ್ಕಿಗೆ ನಡೆಯುವುದು, ಅಂದರೆ ‘ಬೇರಿಂಗ್’ ಹಿಡಿಯುವುದು, ಮತ್ತು ಹೆಜ್ಜೆ ಎಣಿಸಿ ದೂರ ಅಳೆಯುವುದು. ಇವೆರಡು ಬಂದರೆ ಮುಕ್ಕಾಲು ಕೆಲಸ ಆಯಿತು. ನೂರು ಮೀಟರಿಗೆ ನಿಮ್ಮ ಹೆಜ್ಜೆ ಎಷ್ಟು ಅಂತ ಏರಿನಲ್ಲಿ, ಇಳಿಜಾರಿನಲ್ಲಿ, ಮೊಣಕಾಲು ಮಟ್ಟದ ಹಿಮದಲ್ಲಿ ಬೇರೆ ಬೇರೆಯಾಗಿ ಎಣಿಸಿ ಬರೆದಿಟ್ಟುಕೊಳ್ಳಿ.

ಬೇಸಿಗೆ ರೌಂಡ್ ಮುಗಿಸದೆ ಚಳಿಗಾಲದ್ದಕ್ಕೆ ಕೈ ಹಾಕಬೇಡಿ. ನನ್ನ ಲೆಕ್ಕದಲ್ಲಿ ಬೇಸಿಗೆಯಲ್ಲಿ 21 ಗಂಟೆಯೊಳಗೆ ಮುಗಿಸಿದವರಿಗೆ ಮಾತ್ರ ಚಳಿಗಾಲದಲ್ಲಿ ಸ್ವಲ್ಪ ಉಸಿರಾಡಲು ಸಮಯ ಉಳಿಯುತ್ತದೆ. 23 ಗಂಟೆ 50 ನಿಮಿಷಕ್ಕೆ ಓಡೋಡಿ ಬಂದು ಬಾಗಿಲು ಮುಟ್ಟಿದವರು ಇನ್ನೊಂದು ವರ್ಷ ಗುಡ್ಡ ಹತ್ತಲಿ.

2. ಹಿಮದ ಮೇಲೆ ನಡೆಯುವುದನ್ನು ಕಲಿಯಿರಿ

ನಾವು ಹುಟ್ಟಿ ಬೆಳೆದ ಕಡೆ ಹಿಮ ಇಲ್ಲ. ಇಲ್ಲಿನ ಮಕ್ಕಳು ಶಾಲೆ ಅಂಗಳದಲ್ಲಿ ಜಾರಿ ಬಿದ್ದು ಕಲಿತಿದ್ದನ್ನು ನಾವು ಮೂವತ್ತೈದರಲ್ಲಿ ಕಲಿಯಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ. ಹೆಲ್ವೆಲಿನ್‌ನಲ್ಲಿ ಒಂದು ದಿನದ ಚಳಿಗಾಲದ ತರಬೇತಿ ನಡೆಯುತ್ತದೆ, ಅಂಥದ್ದೊಂದಕ್ಕೆ ಸೇರಿ. ಐಸ್ ಆಕ್ಸ್ (ಹಿಮಕ್ಕೆ ಚುಚ್ಚುವ ಸಣ್ಣ ಗುದ್ದಲಿ) ಹಿಡಿಯುವುದು, ಜಾರತೊಡಗಿದಾಗ ಅದನ್ನು ಎದೆಯಡಿ ಒತ್ತಿ ನಿಲ್ಲುವುದು, ಬೂಟಿನಡಿ ಕಬ್ಬಿಣದ ಹಲ್ಲು ಕಟ್ಟಿಕೊಂಡು ನಡೆಯುವುದು, ಇಷ್ಟನ್ನು ಕೈ ಹಿಡಿದು ಕಲಿಸುತ್ತಾರೆ.

ಕಬ್ಬಿಣದ ಹಲ್ಲಿನಲ್ಲಿ ಎರಡು ಬಗೆ. ರಬ್ಬರ್ ಪಟ್ಟಿಗೆ ಸರಪಳಿ ಹಾಕಿ ಸಣ್ಣ ಮೊಳೆ ಕೂರಿಸಿದ್ದು ಮೈಕ್ರೋಸ್ಪೈಕ್. ಓಟದ ಶೂ ಮೇಲೆ ಅರ್ಧ ನಿಮಿಷದಲ್ಲಿ ಹಾಕಬಹುದು, ಗಟ್ಟಿ ಹಿಮದ ಮೇಲೆ ಓಡಲೂಬಹುದು. ಉದ್ದ ಹಲ್ಲಿನದು ಕ್ರ್ಯಾಂಪಾನ್, ಕಡಿದಾದ ಮಂಜುಗಡ್ಡೆಗೆ ಅದೇ ಬೇಕು. ತುಂಬ ಜನ ಮಾಡುವ ತಪ್ಪು ಏನೆಂದರೆ ಮೈಕ್ರೋಸ್ಪೈಕ್ ಹಾಕಿಕೊಂಡು ಕ್ರ್ಯಾಂಪಾನ್ ಜಾಗಕ್ಕೆ ಹೋಗುವುದು. ಸಮತಟ್ಟಾದ ಕಡೆ ಚೆನ್ನಾಗಿ ಹಿಡಿದುಕೊಂಡಿತಲ್ಲ ಅನ್ನುವ ಧೈರ್ಯದಲ್ಲಿ ಕಡಿದಾದ ಇಳಿಜಾರಿಗೆ ಕಾಲಿಡುತ್ತಾರೆ. ಅಲ್ಲಿ ರಬ್ಬರ್ ಪಟ್ಟಿ ಶೂವಿನಿಂದ ಪಕ್ಕಕ್ಕೆ ಸರಿಯುತ್ತದೆ. ನನ್ನ ನಿಯಮ ಇಷ್ಟೇ: ದಾರಿಯುದ್ದಕ್ಕೂ ಕ್ರ್ಯಾಂಪಾನ್ ಬೇಕಾದ ದಿನ ಅದು ಓಡುವ ದಿನವೇ ಅಲ್ಲ.

ಹಿಮದ ಗುಣವನ್ನೂ ಕಲಿಯಬೇಕು. ಹೊಸದಾಗಿ ಬಿದ್ದ ಹಿಮ ಹಿಟ್ಟಿನ ಹಾಗೆ, ಕಾಲು ಹೂತು ಸಮಯ ತಿನ್ನುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾದ ಹಳೆ ಹಿಮ ಸಿಕ್ಕರೆ ಹಬ್ಬ, ಕಲ್ಲು ಜೌಗು ಎಲ್ಲ ಮುಚ್ಚಿ ಮೇಲೆ ರಸ್ತೆ ಹಾಸಿದ ಹಾಗಿರುತ್ತದೆ. ಅತಿ ಕೆಟ್ಟದ್ದು ‘ವೆರ್‌ಗ್ಲಾ’, ಅಂದರೆ ಬಂಡೆಗೆ ಎಣ್ಣೆ ಸವರಿದಂತೆ ಅಂಟಿದ ತೆಳು ಮಂಜುಗಡ್ಡೆ. ಟಾರ್ಚ್ ಬೆಳಕಿನಲ್ಲಿ ಬರೀ ಒದ್ದೆ ಕಲ್ಲು ಅನ್ನಿಸುತ್ತದೆ. ಮೊಳೆ ಕಚ್ಚಿಕೊಳ್ಳುವಷ್ಟು ದಪ್ಪವೂ ಇರುವುದಿಲ್ಲ.

3. ಕೈ

ಎಲ್ಲರೂ ಶೂ ಬಗ್ಗೆ ಕೇಳುತ್ತಾರೆ, ಕೈ ಬಗ್ಗೆ ಯಾರೂ ಕೇಳುವುದಿಲ್ಲ. ಒಮ್ಮೆ ಫೆಬ್ರವರಿ ರೆಕ್ಕಿಯಲ್ಲಿ, ಗ್ರೈಸ್‌ಡೇಲ್ ಟಾರ್ನ್ ಕೆರೆ ದಂಡೆಯಲ್ಲಿ, ಮಳೆ ಹಿಮ ಎರಡೂ ಸೇರಿ ಹೊಡೆಯುತ್ತಿದ್ದಾಗ ನನ್ನ ಜಾಕೆಟ್ಟಿನ ಜಿಪ್ ಹಾಕಲು ಆಗಲಿಲ್ಲ. ಕಾಲು ಗಟ್ಟಿಯಾಗಿತ್ತು, ಇನ್ನೂ ಮೂರು ಗಂಟೆ ಓಡುವ ಶಕ್ತಿ ಇತ್ತು. ಬೆರಳುಗಳು ಮಾತ್ರ ಕ್ಯಾರೆಟ್ಟಿನ ಹಾಗೆ ನೆಟ್ಟಗೆ ನಿಂತಿದ್ದವು. ಜೊತೆಗಿದ್ದವರು ಮಗುವಿಗೆ ಹಾಕುವ ಹಾಗೆ ಜಿಪ್ ಎಳೆದರು. ‘ಕೈಲಾಗಲ್ಲ’ ಅನ್ನುವ ಮಾತು ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು.

ಕೈ ಹೋದರೆ ಜಿಪ್ ಇಲ್ಲ, ಊಟದ ಪೊಟ್ಟಣ ತೆರೆಯಲು ಬರಲ್ಲ, ಟಾರ್ಚಿನ ಬ್ಯಾಟರಿ ಬದಲಿಸಲು ಬರಲ್ಲ, ಮ್ಯಾಪ್ ಬಿಡಿಸಲು ಬರಲ್ಲ, ಫೋನ್ ಬೆರಳನ್ನು ಗುರುತಿಸಲ್ಲ. ಉಳಿದ ಎಲ್ಲ ಅಪಾಯವೂ ಇದರ ಹಿಂದೆ ಸಾಲಾಗಿ ಬರುತ್ತದೆ.

ಮಾಡಬೇಕಾದ್ದು: ಒಳಗೆ ತೆಳು ಉಣ್ಣೆಯ ಗವಸು. ಅದರ ಮೇಲೆ ಮಿಟ್, ಅಂದರೆ ಬೆರಳು ಬೇರೆ ಮಾಡದ, ಚೀಲದಂಥ, ನೀರು ಒಳಗೆ ಬಿಡದ ಗವಸು. ಬೆರಳುಗಳು ಒಟ್ಟಿಗಿದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ. ಒಳಗವಸು ಮೂರು ಜೊತೆ ಇರಲಿ, ಪ್ರತಿ ಲೆಗ್ಗಿನ ಕೊನೆಯಲ್ಲಿ ಒಣಗಿದ್ದು ಹಾಕಿಕೊಳ್ಳಿ. ಮಿಟ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ ಮಿಟ್ಟನ್ನು ಗಾಳಿ ಹಾರಿಸಿಕೊಂಡು ಹೋದರೆ ಹಿಂದೆ ಓಡಿ ಪ್ರಯೋಜನವಿಲ್ಲ. ಚೀಲ, ಜಾಕೆಟ್, ಪ್ಯಾಂಟು, ಎಲ್ಲ ಜಿಪ್ಪಿಗೂ ಬೆರಳುದ್ದದ ದಾರ ಕಟ್ಟಿ, ಮಿಟ್ ಹಾಕಿಕೊಂಡೇ ಎಳೆಯುವಂತಿರಲಿ. ಪುಡಿ ತುಂಬಿದ ಬಿಸಿ ಪೊಟ್ಟಣ ಸಿಗುತ್ತವಲ್ಲ, ಅವು ಒಡೆದ ತಕ್ಷಣ ಬಿಸಿಯಾಗುವುದಿಲ್ಲ, ಗಾಳಿ ತಾಗಿ ಕಾಯಲು ಸುಮಾರು ಹೊತ್ತು ಬೇಕು. ಕೈ ಮರಗಟ್ಟಿದ ಮೇಲೆ ಒಡೆದರೆ ತಡವಾಯಿತು. ಗುಡ್ಡ ಹತ್ತುವ ಮೊದಲೇ ಒಡೆದು ಒಳಗಿಟ್ಟುಕೊಳ್ಳಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಕೆಟ್ಟಿನಲ್ಲಿ ನೀರು ಐಸು ಹಾಕಿ ಎರಡು ನಿಮಿಷ ಕೈ ಅದ್ದಿ. ತೆಗೆದ ತಕ್ಷಣ ಅಡುಗೆಮನೆ ದೀಪ ಆರಿಸಿ, ಮೈಕ್ರೋಸ್ಪೈಕ್ ಹಾಕಿ, ಟಾರ್ಚಿನ ಬ್ಯಾಟರಿ ಬದಲಿಸಿ, ಒಂದು ಚಾಕೊಲೇಟ್ ಬಿಡಿಸಿ ತಿನ್ನಿ. ಮನೆಯವರು ನಗುತ್ತಾರೆ, ನಗಲಿ. ಈ ಪರೀಕ್ಷೆಯಲ್ಲಿ ಯಾವ ಸಾಮಾನು ಕೈ ಕೊಡುತ್ತದೋ ಅದನ್ನು ಆವತ್ತೇ ಬದಲಿಸಿ.

4. ಮೈಮೇಲೆ, ಬೆನ್ನಮೇಲೆ

ಹತ್ತಿ ಬಟ್ಟೆ ಒಂದೂ ಬೇಡ, ಬನಿಯನ್ನೂ ಬೇಡ. ಹತ್ತಿ ಬೆವರು ಕುಡಿದು ಹಾಗೇ ಕೂರುತ್ತದೆ. ಮೈಗೆ ತಾಗಿ ಉಣ್ಣೆಯ ತೆಳು ಅಂಗಿ, ಮೇಲೊಂದು ಗಾಳಿ ತಡೆಯುವುದು, ಅದರ ಮೇಲೆ ಹೊಲಿಗೆಗೂ ಪಟ್ಟಿ ಅಂಟಿಸಿದ ಮಳೆ ಜಾಕೆಟ್. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟವರು ಮೊದಲ ಶಿಖರ ಸ್ಕಿಡ್ಡಾ ಅರ್ಧ ಹತ್ತುವಷ್ಟರಲ್ಲಿ ಒಳಗಿಂದಲೇ ನೆನೆದು, ಮೇಲೆ ಹೋಗಿ ಗಾಳಿಗೆ ನಿಂತಾಗ ನಡುಗುತ್ತಾರೆ.

ಚೀಲದಲ್ಲಿ: ದಪ್ಪ ಜಾಕೆಟ್ (ಬಾತುಕೋಳಿಯ ತುಪ್ಪಳದ್ದು ಒದ್ದೆಯಾದರೆ ಕೆಲಸಕ್ಕೆ ಬರಲ್ಲ, ಸಿಂಥೆಟಿಕ್ ಇರಲಿ), ಮಳೆ ಪ್ಯಾಂಟು, ಎರಡು ತಲೆಟಾರ್ಚು, ಜಾಸ್ತಿ ಬ್ಯಾಟರಿ, ಸೀಟಿ, ಮ್ಯಾಪ್, ದಿಕ್ಸೂಚಿ, ಮೈಕ್ರೋಸ್ಪೈಕ್, ಬಿವಿ ಚೀಲ. ಬಿವಿ ಅಂದರೆ ಇಡೀ ಮೈ ತೂರಿಸಿಕೊಂಡು ಮಲಗುವ ಗಾಳಿ ನೀರು ತಡೆಯುವ ಚೀಲ. ಬ್ಯಾಟರಿ, ಫೋನು ಎರಡನ್ನೂ ಮೈಗೆ ತಾಗಿದ ಜೇಬಿನಲ್ಲಿಡಿ. ಚಳಿಗೆ ಅರ್ಧ ಚಾರ್ಜ್ ಇದ್ದ ಫೋನ್ ಇದ್ದಕ್ಕಿದ್ದಂತೆ ಸತ್ತು ಹೋಗುತ್ತದೆ. ನೀವು ಓಡುತ್ತಿರುವಾಗ ಇದರಲ್ಲಿ ಅರ್ಧ ಬೇಕಾಗುವುದಿಲ್ಲ, ನಿಜ. ಕಾಲು ಉಳುಕಿ ಎರಡು ಗಂಟೆ ಒಂದೇ ಕಡೆ ಕೂರಬೇಕಾದಾಗ ಏನು ಬೇಕು ಅಂತ ಯೋಚಿಸಿ ತುಂಬಿ.

5. ಜೊತೆಗಾರರು

ಕ್ಲಬ್ಬಿನ ಪಟ್ಟಿಗೆ ಹೆಸರು ಸೇರಬೇಕಾದರೆ ಪ್ರತಿ ಶಿಖರದಲ್ಲೂ ನೀವು ಮುಟ್ಟಿದ್ದನ್ನು ನೋಡಿದ ಜೊತೆಗಾರ ಇರಬೇಕು, ಮೊದಲೇ ಕ್ಲಬ್ಬಿಗೆ ತಿಳಿಸಿ ನೋಂದಾಯಿಸಲೂಬೇಕು. ನಿಯಮ ಇಲ್ಲದಿದ್ದರೂ ಚಳಿಗಾಲದಲ್ಲಿ ಒಬ್ಬರೇ ಬೇಡ. ಪ್ರತಿ ಲೆಗ್ಗಿಗೆ ಇಬ್ಬರು ಇರಲಿ. ಒಬ್ಬರು ಬರೀ ದಾರಿ ನೋಡುವವರು, ಇನ್ನೊಬ್ಬರು ನಿಮಗೆ ತಿನ್ನಿಸುವವರು. ಇಬ್ಬರಲ್ಲಿ ಒಬ್ಬರಿಗೆ ತೊಂದರೆಯಾದರೆ ನೀವು ಮೂವರೂ ಸೇರಿ ಕೆಳಗಿಳಿಯಬೇಕು, ಇದನ್ನು ಹೊರಡುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಇಲ್ಲದಿದ್ದರೆ ಮೇಲೆ ಸಂಕೋಚ ಕೆಲಸ ಮಾಡುತ್ತದೆ. ‘ಅವರು ವರ್ಷವಿಡೀ ತಯಾರಿ ಮಾಡಿದ್ದಾರೆ, ನನ್ನಿಂದ ಹಾಳಾಗಬಾರದು’ ಅಂತ ಜೊತೆಗಾರರು ತಮ್ಮ ಚಳಿಯನ್ನು ಮುಚ್ಚಿಡುತ್ತಾರೆ. ನಮ್ಮವರಲ್ಲಿ ಈ ಸಂಕೋಚ ಇನ್ನೂ ಜಾಸ್ತಿ, ಅಲ್ವಾ?

ಜೊತೆಗಾರರು ಸಿಗುವುದು ಹೇಗೆ? ಇಲ್ಲಿನ ಫೆಲ್ ರನ್ನಿಂಗ್ ಕ್ಲಬ್ ಯಾವುದಾದರೂ ಸೇರಿ, ಮೊದಲು ನೀವು ಬೇರೆಯವರ ರೌಂಡಿಗೆ ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಚೀಲ ಹೊರಿ. ಆಮೇಲೆ ಅವರು ನಿಮಗೆ ಬರುತ್ತಾರೆ. ಮದುವೆ ಮನೆಯ ಮುಯ್ಯಿ ಲೆಕ್ಕವೇ ಇದು.

ಲೆಗ್ಗುಗಳ ನಡುವೆ ರಸ್ತೆ ಸಿಗುವ ಕಡೆ ಊಟ, ಬಟ್ಟೆ ತಂದು ಕಾಯುವ ಕಾರಿನವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಾನಿಸ್ಟರ್ ಘಾಟಿ ರಸ್ತೆಯ ಏರು ಕೆಲವು ಕಡೆ 25 ಪರ್ಸೆಂಟ್, ಹಿಮ ಬಿದ್ದರೆ ಕಾರು ಹತ್ತುವುದಿಲ್ಲ. ವಾಸ್ಡೇಲ್ ಗುಡ್ಡಗಳ ಆ ಕಡೆ ಇದೆ, ಕೆಸಿಕ್‌ನಿಂದ ಸುತ್ತಿ ಹೋಗಲು ಒಂದು ಗಂಟೆಗೂ ಜಾಸ್ತಿ ಬೇಕು.

6. ದಿನ ಮತ್ತು ಹೊತ್ತು

ಒಂದೇ ದಿನಾಂಕ ಹಿಡಿದು ಕೂರಬೇಡಿ. ಫೆಬ್ರವರಿಯಲ್ಲಿ ಮೂರು ವಾರಾಂತ್ಯ ಖಾಲಿ ಇಟ್ಟುಕೊಂಡು ಹವಾಮಾನ ನೋಡಿ ಆರಿಸಿ. ತಿಂಗಳ ಕೊನೆಗೆ ಹತ್ತೂವರೆ ಗಂಟೆ ಬೆಳಕಿರುತ್ತದೆ, ಹಿಮ ಗಟ್ಟಿಯಾಗಿರುವ ಸಾಧ್ಯತೆಯೂ ಇರುತ್ತದೆ. ಹುಣ್ಣಿಮೆ ಹತ್ತಿರ ಬಂದರೆ ಇನ್ನೂ ಒಳ್ಳೆಯದು, ಮೋಡವಿಲ್ಲದ ರಾತ್ರಿ ಹಿಮದ ಮೇಲೆ ಬೆಳದಿಂಗಳು ಬಿದ್ದರೆ ಟಾರ್ಚ್ ಆರಿಸಿ ಓಡಬಹುದು.

ನೋಡಬೇಕಾದ್ದು ಊರಿನ ಹವಾಮಾನ ಅಲ್ಲ, ಬೆಟ್ಟದ ಹವಾಮಾನ. ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವಿಸ್ ಮತ್ತು ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಪರ್ವತ ಮುನ್ಸೂಚನೆ ಎರಡನ್ನೂ ಓದಿ. ಇನ್ನೊಂದು ಚಿನ್ನದಂಥ ಸೌಲಭ್ಯ ಇದೆ: ಲೇಕ್ ಡಿಸ್ಟ್ರಿಕ್ಟ್ ವೆದರ್‌ಲೈನ್. ಚಳಿಗಾಲದಲ್ಲಿ ಅವರ ಕಡೆಯವರು ಒಬ್ಬರು ದಿನಾ ಹೆಲ್ವೆಲಿನ್ ಹತ್ತಿ, ಹಿಮ ಎಷ್ಟಿದೆ, ಗಟ್ಟಿಯೋ ಮೆತ್ತಗೋ, ಗಾಳಿ ಎಷ್ಟು ಅಂತ ಅಳೆದು ಬರೆಯುತ್ತಾರೆ. ಕೆಲಸ ಅಂದರೆ ಅದು.

ಕೆಸಿಕ್‌ನಲ್ಲಿ 5 ಡಿಗ್ರಿ ಇದ್ದರೆ 950 ಮೀಟರಿನ ಹೆಲ್ವೆಲಿನ್ ಮೇಲೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ ಅಂತಿಟ್ಟುಕೊಳ್ಳಿ. ಅದಕ್ಕೆ ಗಂಟೆಗೆ 60 ಕಿಲೋಮೀಟರ್ ಗಾಳಿ ಸೇರಿದರೆ ಬರಿಮೈಗೆ ಮೈನಸ್ 10ರಷ್ಟು ಚಳಿ. ಒಣ ಮೈನಸ್ 5 ಡಿಗ್ರಿಗಿಂತ ಮಳೆ ಗಾಳಿ ಕೂಡಿದ 2 ಡಿಗ್ರಿ ಕೆಟ್ಟದ್ದು, ಇದನ್ನು ಹೊಸಬರು ನಂಬುವುದೇ ಇಲ್ಲ.

ಹೊರಡುವ ಹೊತ್ತು ರಾತ್ರಿ ಹನ್ನೆರಡರ ಸುಮಾರು ಇರಲಿ. ಯಾಕೆ ಅಂದರೆ ಮೂರನೇ ಲೆಗ್ ಇರುವುದರಲ್ಲೇ ಬಂಡೆ ಜಾಸ್ತಿ ಇರುವ, ದಾರಿ ಕಷ್ಟದ ಭಾಗ. ನಾಲ್ಕು ಗಂಟೆಗೆ ಥ್ರೆಲ್‌ಕೆಲ್ಡ್, ಬೆಳಿಗ್ಗೆ ಒಂಬತ್ತಕ್ಕೆ ಡನ್‌ಮೇಲ್ ತಲುಪಿದರೆ ಇಡೀ ಮೂರನೇ ಲೆಗ್ ಬೆಳಕಿನಲ್ಲಿ ಮುಗಿದು ಮಧ್ಯಾಹ್ನ ಮೂರರ ಹೊತ್ತಿಗೆ ವಾಸ್ಡೇಲ್‌ನಲ್ಲಿರುತ್ತೀರಿ. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಿದ್ದೆ ಮಾಡಿ, ಬರದಿದ್ದರೂ ಕಣ್ಣು ಮುಚ್ಚಿ ಮಲಗಿ.

7. ದಾರಿಯಲ್ಲಿ ಎಲ್ಲೆಲ್ಲಿ ಎಚ್ಚರ

ಮೊದಲ ಲೆಗ್: ಸ್ಕಿಡ್ಡಾ, ಗ್ರೇಟ್ ಕ್ಯಾಲ್ವಾ, ಬ್ಲೆನ್‌ಕ್ಯಾತ್ರಾ. ಗ್ರೇಟ್ ಕ್ಯಾಲ್ವಾ ಇಳಿದ ಮೇಲೆ ಕ್ಯಾಲ್ಡ್ಯೂ ಹೊಳೆ ದಾಟಬೇಕು. ಹಿಂದಿನ ದಿನ ಮಳೆ ಬಿದ್ದಿದ್ದರೆ ನೀರು ಏರಿರುತ್ತದೆ. ಇಲ್ಲಿ ಒದ್ದೆಯಾದ ಕಾಲು ಡನ್‌ಮೇಲ್ ತನಕ ಒಣಗುವುದಿಲ್ಲ, ಅದಕ್ಕೆ ನೀರು ತಡೆಯುವ ಕಾಲುಚೀಲ ಹಾಕಿ, ಥ್ರೆಲ್‌ಕೆಲ್ಡ್‌ನಲ್ಲಿ ಬದಲಿಸಿ. ಬ್ಲೆನ್‌ಕ್ಯಾತ್ರಾದಿಂದ ಬೇಸಿಗೆಯಲ್ಲಿ ಎಲ್ಲರೂ ಇಳಿಯುವುದು ಹಾಲ್ಸ್ ಫೆಲ್ ಏಣಿನಿಂದ. ಬಂಡೆಯ ಏಣು ಅದು. ಮಂಜುಗಡ್ಡೆ ಇದ್ದಾಗ ಡಾಡಿಕ್ ಫೆಲ್ ಕಡೆಯಿಂದ ಇಳಿಯಿರಿ. ಹತ್ತು ನಿಮಿಷ ಜಾಸ್ತಿ ಆದರೆ ಆಗಲಿ.

ಎರಡನೇ ಲೆಗ್: ಕ್ಲಫ್ ಹೆಡ್ ಕಡಿದಾದ ಏರು, ಮುಗಿದ ಮೇಲೆ ಡಾಡ್ ಅನ್ನುವ ಹೆಸರಿನ ದುಂಡು ಗುಡ್ಡಗಳ ಸಾಲು. ಸುಲಭ ಅನ್ನಿಸುತ್ತದೆ. ಆದರೆ ನೆಲವೂ ಬಿಳಿ ಆಕಾಶವೂ ಬಿಳಿ ಆದಾಗ, ಅಂದರೆ ‘ವೈಟ್‌ಔಟ್’ನಲ್ಲಿ, ಇಲ್ಲಿ ಹಿಡಿದುಕೊಳ್ಳಲು ಒಂದು ಗುರುತೂ ಇರುವುದಿಲ್ಲ. ಮುಂದೆ ಹೆಲ್ವೆಲಿನ್. ಇದರ ಪೂರ್ವದ ಅಂಚಿನಲ್ಲಿ ಕಾರ್ನಿಸ್ ಬೆಳೆಯುತ್ತದೆ. ಕಿಟಕಿ ಮೇಲಿನ ಸಜ್ಜಾ ಇರುತ್ತದಲ್ಲ, ಹಾಗೆ ಗಾಳಿ ತಂದು ಪೇರಿಸಿದ ಹಿಮ ಬಂಡೆಯಂಚಿನಿಂದ ಆಚೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲ, ಕೆಳಗೆ ಏನೂ ಇಲ್ಲ. ನೆಥರ್‌ಮೋಸ್ಟ್, ಡಾಲಿವ್ಯಾಗನ್ ತನಕ ಅಂಚಿನಿಂದ ಪಶ್ಚಿಮಕ್ಕೆ ದೂರವೇ ಇರಿ. ಫೇರ್‌ಫೀಲ್ಡ್ ತುದಿ ಸಪಾಟು, ಮಂಜಿನಲ್ಲಿ ಹತ್ತಿದ ದಿಕ್ಕೇ ಮರೆತು ಹೋಗುತ್ತದೆ, ಉತ್ತರಕ್ಕೆ ಪ್ರಪಾತ. ಮೇಲೆ ಹೋಗುವಾಗಲೇ ವಾಪಸಿನ ಬೇರಿಂಗ್ ದಿಕ್ಸೂಚಿಯಲ್ಲಿ ಇಟ್ಟುಕೊಳ್ಳಿ.

ಮೂರನೇ ಲೆಗ್: ಇಲ್ಲಿ ಬರೆಯುವುದು ತುಂಬ ಇದೆ. ಸ್ಟೀಲ್ ಫೆಲ್‌ನಿಂದ ರಾಸೆಟ್ ಪೈಕ್ ತನಕ ಓಡಬಹುದು, ಸಮಯ ಸಂಪಾದಿಸುವುದಿದ್ದರೆ ಇಲ್ಲಿ. ಬೋಫೆಲ್‌ನಿಂದ ಮುಂದೆ ಕಲ್ಲಿನ ರಾಜ್ಯ. ಇಲ್ ಕ್ರ್ಯಾಗ್, ಬ್ರಾಡ್ ಕ್ರ್ಯಾಗ್ ಸುತ್ತ ಅಡುಗೆಮನೆ ಒಲೆಯಷ್ಟು ದೊಡ್ಡ ಬಂಡೆಗಳು ರಾಶಿ ಬಿದ್ದಿವೆ, ಅವುಗಳ ಸಂದಿಯನ್ನು ಹೊಸ ಹಿಮ ಮುಚ್ಚಿರುತ್ತದೆ. ಓಡಬೇಡಿ. ಕೈ ಕಾಲು ನಾಲ್ಕೂ ಬಳಸಿ ದಾಟಿ. ಸ್ಕಾಫೆಲ್ ಪೈಕ್ ಆದ ಮೇಲೆ ಕಣ್ಣೆದುರೇ ಸ್ಕಾಫೆಲ್ ಕಾಣುತ್ತದೆ, ನಡುವೆ ಮಿಕಲ್‌ಡೋರ್ ಕಣಿವೆ. ನೇರ ದಾರಿ ಬ್ರಾಡ್ ಸ್ಟ್ಯಾಂಡ್, ಬಂಡೆ ಹತ್ತುವ ಜಾಗ. ಬೇಸಿಗೆಯಲ್ಲೇ ಅಲ್ಲಿ ಬಿದ್ದವರಿದ್ದಾರೆ, ಚಳಿಗಾಲದಲ್ಲಿ ಆ ಕಡೆ ತಿರುಗಲೂ ಬೇಡಿ. ಲಾರ್ಡ್ಸ್ ರೇಕ್ ಅನ್ನುವ ಓರೆ ಕೊರಕಲಿನಲ್ಲಿ ಹಿಮ ತುಂಬಿರುತ್ತದೆ, ಐಸ್ ಆಕ್ಸ್ ಕ್ರ್ಯಾಂಪಾನ್ ಇಲ್ಲದೆ ಬೇಡ. ಉಳಿದದ್ದು ಫಾಕ್ಸಸ್ ಟಾರ್ನ್ ದಾರಿ. ಸಾಕಷ್ಟು ಕೆಳಗಿಳಿದು ಮತ್ತೆ ಹತ್ತಬೇಕು, ಬೇಜಾರಾಗುತ್ತದೆ, ಆ ಕೊರಕಲಿನಲ್ಲೂ ಹರಿಯುವ ನೀರು ಹೆಪ್ಪುಗಟ್ಟಿರಬಹುದು. ಆದರೂ ಅದನ್ನೇ ಹಿಡಿಯಿರಿ, ವೇಳಾಪಟ್ಟಿ ಬರೆಯುವಾಗಲೇ ಅದರ ಸಮಯ ಹಾಕಿ. ಸ್ಥಳದಲ್ಲಿ ನಿಂತು ‘ಬ್ರಾಡ್ ಸ್ಟ್ಯಾಂಡ್ ಸ್ವಲ್ಪ ಒಣಗಿದೆಯೇನೋ’ ಅಂತ ಚರ್ಚೆ ಮಾಡುವ ಹಾಗಿರಬಾರದು.

ನಾಲ್ಕನೇ ಲೆಗ್: ರೌಂಡ್ ನಿಲ್ಲಿಸುವವರು ಜಾಸ್ತಿ ನಿಲ್ಲಿಸುವುದು ವಾಸ್ಡೇಲ್‌ನಲ್ಲೇ. ಮುಂದೆ ಕತ್ತಲೆ ಕಾಯುತ್ತಿದೆ, ಕಾರಿನ ಹೀಟರ್ ಓಡುತ್ತಿದೆ, ಎದುರಿಗೆ ಯೂಬ್ಯಾರೋ ಗೋಡೆಯಂತೆ ನಿಂತಿದೆ. ಕಾರೊಳಗೆ ಮಾತ್ರ ಕೂರಬೇಡಿ. ಹೊರಗೇ ನಿಂತು, ಬಟ್ಟೆ ಬದಲಿಸಿ, ತಿಂದು, ಹದಿನೈದು ನಿಮಿಷದಲ್ಲಿ ಹೊರಡಿ. ಮುಂದೆ ಕರ್ಕ್ ಫೆಲ್ ಏರು ಮತ್ತು ಗ್ರೇಟ್ ಗೇಬಲ್ ಬಂಡೆಗಳು ಕತ್ತಲೆಯಲ್ಲಿ ಬರುತ್ತವೆ, ನಿಧಾನ ಇರಲಿ.

ಕೊನೆಯ ಲೆಗ್ ಚಿಕ್ಕದು. ಡೇಲ್ ಹೆಡ್, ಹಿಂಡ್ಸ್‌ಕಾರ್ತ್, ರಾಬಿನ್ಸನ್. ರಾಬಿನ್ಸನ್ ಇಳಿಯುವಾಗ ಬಂಡೆಯ ಮೆಟ್ಟಿಲು ಇವೆ, ಜಾರುತ್ತವೆ. ಆಮೇಲೆ ಟಾರು ರಸ್ತೆ, ಅಲ್ಲೂ ಕಣ್ಣಿಗೆ ಕಾಣದ ಮಂಜುಗಡ್ಡೆ ಇರಬಹುದು, ಮೈಕ್ರೋಸ್ಪೈಕ್ ಬಿಚ್ಚಿ ಕಾರಿಗೆ ಎಸೆಯಬೇಡಿ.

8. ತಿನ್ನುವುದು

ಎನರ್ಜಿ ಬಾರ್ ಚಳಿಗೆ ಮರದ ತುಂಡಾಗುತ್ತದೆ. ಚಿಕ್ಕಿ, ಅಂಟಿನುಂಡೆ ಶಕ್ತಿಗೆ ಒಳ್ಳೆಯವೇ, ಆದರೆ ಸೊನ್ನೆ ಡಿಗ್ರಿಯಲ್ಲಿ ಹಲ್ಲು ಹೋಗುತ್ತದೆ. ಮನೆಯಲ್ಲೇ ಕಡಲೆ ಗಾತ್ರಕ್ಕೆ ಒಡೆದು, ಒಳಜೇಬಿನಲ್ಲಿಡಿ. ಬೇಳೆ ಹೋಳಿಗೆ ನಾಲ್ಕು ಮಡಿಕೆ ಮಾಡಿ ಒಯ್ದರೆ ಚಳಿಯಲ್ಲೂ ಕಚ್ಚಲು ಬರುತ್ತದೆ, ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ನೀರಿನ ಚೀಲದ ನಳಿಕೆಯೊಳಗೆ ಮಂಜುಗಡ್ಡೆ ಕಟ್ಟುತ್ತದೆ, ಕುಡಿದ ಮೇಲೆ ಊದಿ ನೀರನ್ನು ಒಳಗೆ ತಳ್ಳಿ, ಇಲ್ಲವೇ ಬಾಟಲಿಯನ್ನು ತಲೆಕೆಳಗಾಗಿ ಇಡಿ, ಐಸ್ ಮೊದಲು ಮೇಲ್ಭಾಗದಲ್ಲಿ ಕಟ್ಟುವುದರಿಂದ ಮುಚ್ಚಳ ತೆರೆದೇ ಇರುತ್ತದೆ. ರಸ್ತೆ ಸಿಗುವ ನಾಲ್ಕೂ ಕಡೆ ಫ್ಲಾಸ್ಕಿನಲ್ಲಿ ಬಿಸಿ ಸಾರು ಇರಲಿ. ಮೆಣಸಿನ ಸಾರು, ಉಪ್ಪು ಸ್ವಲ್ಪ ಮುಂದಾಗಿ. ಇಂಗ್ಲಿಷ್ ಜೊತೆಗಾರರು ಒಮ್ಮೆ ರುಚಿ ನೋಡಿದರೆ ನಿಮಗೆ ಉಳಿಯುವುದಿಲ್ಲ, ಎರಡು ಫ್ಲಾಸ್ಕ್ ತನ್ನಿ.

ಚಳಿಯಲ್ಲಿ ಬಾಯಾರುವುದಿಲ್ಲ, ಹಸಿವೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ವಾಚು ಕೂಗುವಂತೆ ಇಟ್ಟುಕೊಂಡು ತಿನ್ನಿ.

9. ಕೆಳಗಿಳಿಯುವ ದಾರಿಗಳು

ಹತ್ತುವ ದಾರಿಯಷ್ಟೇ ಚೆನ್ನಾಗಿ ಇಳಿಯುವ ದಾರಿಯೂ ಬಾಯಿಪಾಠ ಇರಬೇಕು. ಎರಡನೇ ಲೆಗ್ಗಿನಲ್ಲಿ ಯಾವಾಗಲೂ ಪಶ್ಚಿಮಕ್ಕೆ, ತರ್ಲ್‌ಮಿಯರ್ ರಸ್ತೆ ಕಡೆ ಇಳಿಯಿರಿ. ಪೂರ್ವಕ್ಕೆ ಇಳಿದರೆ ಪ್ರಪಾತದ ಬದಿ, ಜೊತೆಗೆ ಕಾರಿನವರು ಇಡೀ ಬೆಟ್ಟ ಸುತ್ತಿ ಬರಬೇಕು. ಮೂರನೆಯದರಲ್ಲಿ ರಾಸೆಟ್ ಪೈಕ್ ಹತ್ತಿರದಿಂದ ಲ್ಯಾಂಗ್ಡೇಲ್‌ಗೆ, ಎಸ್ಕ್ ಹಾಸ್ ಹತ್ತಿರದಿಂದ ಸೀತ್‌ವೇಟ್‌ಗೆ. ನಾಲ್ಕನೆಯದರಲ್ಲಿ ಬ್ಲ್ಯಾಕ್ ಸೇಲ್ ಪಾಸ್‌ನಿಂದ ವಾಪಸ್ ವಾಸ್ಡೇಲ್‌ಗೆ.

ಯಾವಾಗ ಇಳಿಯಬೇಕು? ಹೈಪೊಥರ್ಮಿಯಾ, ಅಂದರೆ ಮೈಯೊಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಹೋಗುವುದು, ಅದು ಬಂದವರಿಗೆ ತಾವೇ ಗೊತ್ತಾಗುವುದಿಲ್ಲ. ಮಾತು ತೊದಲುತ್ತದೆ, ಕೈ ತಡವರಿಸುತ್ತದೆ, ಸಪಾಟು ನೆಲದಲ್ಲಿ ಎಡವುತ್ತಾರೆ, ಸುಮ್ನೆ ಸಿಡುಕುತ್ತಾರೆ. ಇದರಲ್ಲಿ ಎರಡು ಕಂಡರೆ ಒಣ ಬಟ್ಟೆ ಹಾಕಿಸಿ, ಸಿಹಿ ತಿನ್ನಿಸಿ, ಇಳಿಸಿ. ನಡುಗುತ್ತಿದ್ದವರು ಬಿಸಿಯಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ತುರ್ತು. ಜೊತೆಗಾರರಿಗೆ ನನ್ನದೊಂದು ಪರೀಕ್ಷೆ ಹೇಳಿಕೊಟ್ಟಿದ್ದೇನೆ: ಹದಿನೇಳರ ಮಗ್ಗಿ ಕೇಳಿ. ನನಗೆ ಬಿಸಿಲಲ್ಲೂ ಅದು ತಡವರಿಸುತ್ತದೆ ಅಂತ ಗೊತ್ತಾದ ಮೇಲೆ ಏಳಕ್ಕೆ ಇಳಿಸಿದ್ದಾರೆ.

ಸಹಾಯ ಬೇಕಾದರೆ 999 ಅಥವಾ 112ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ನೇರ ಆಂಬುಲೆನ್ಸ್ ಕೇಳಿದರೆ ತಡವಾಗಬಹುದು. ಸಿಗ್ನಲ್ ದುರ್ಬಲ ಇರುವ ಕಡೆ ಮೆಸೇಜ್ ಹೋಗುತ್ತದೆ, ಅದಕ್ಕೆ ಮೊದಲೇ 999ಕ್ಕೆ ‘ರಿಜಿಸ್ಟರ್’ ಅಂತ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿ ನೋಂದಾಯಿಸಿಕೊಂಡಿರಬೇಕು, ಇವತ್ತೇ ಮಾಡಿ. ಫೋನೂ ಸತ್ತರೆ ಸೀಟಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಟಾರ್ಚಿನಲ್ಲೂ ಹಾಗೇ.

10. ಮುಗಿದ ಮೇಲೆ

ಮೂಟ್ ಹಾಲ್ ಬಾಗಿಲು ಮುಟ್ಟಿದಿರೋ, ಡನ್‌ಮೇಲ್‌ನಲ್ಲೇ ನಿಲ್ಲಿಸಿದಿರೋ, ಎರಡರಲ್ಲೂ ಮಾಡಬೇಕಾದ್ದು ಒಂದೇ. ಒದ್ದೆ ಬಟ್ಟೆ ತಕ್ಷಣ ಬಿಚ್ಚಿ. ಕಾರು ನೀವು ಓಡಿಸಬೇಡಿ. ಮರಗಟ್ಟಿದ ಬೆರಳನ್ನು ಉಜ್ಜಬೇಡಿ, ಹೀಟರಿಗೆ ಒಡ್ಡಬೇಡಿ, ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಬಿಸಿ ಮಾಡಿ. ಮತ್ತೆ, ನಿಮ್ಮ ವೇಳಾಪಟ್ಟಿ ಹಿಡಿದುಕೊಂಡು ಎಲ್ಲೋ ಒಬ್ಬರು ಫೋನ್ ನೋಡುತ್ತಾ ಕೂತಿರುತ್ತಾರಲ್ಲ, ಮಲಗುವ ಮೊದಲು ಅವರಿಗೆ ‘ಇಳಿದೆ’ ಅಂತ ಒಂದು ಮೆಸೇಜ್ ಹಾಕಿ. ಅದು ಮರೆತು ನೀವು ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿರುವಾಗ, ಸಂಬಳವಿಲ್ಲದೆ ಕೆಲಸ ಮಾಡುವ ರೆಸ್ಕ್ಯೂ ತಂಡದವರು ತಮ್ಮ ಹಾಸಿಗೆ ಬಿಟ್ಟೆದ್ದು ನಿಮ್ಮನ್ನು ಹುಡುಕುತ್ತಾ ಸ್ಕಾಫೆಲ್ ಹತ್ತುತ್ತಿರಬಹುದು.